ಹಾಯದ, ಒದೆಯದ ಔಷಧಿ

ಅವರು ತೀರಿಕೊಂಡ ದಿನ ಮಧ್ಯಾಹ್ನದ ಹೊತ್ತಿಗಾಗಲೇ ನಂಜನಗೂಡಿನ ಬಸ್ ಸ್ಟ್ಯಾಂಡಿನ ಮುಂದೆ ಫ್ಲೆಕ್ಸ್ ಕಟ್ಟಿಬಿಟ್ಟಿದ್ದರು. ಫೋಟೋ ಎಲ್ಲಿಂದ ಸಿಕ್ಕಿತೋ, ಯಾವುದೋ ಮದುವೆಯಲ್ಲಿ ಊಟಕ್ಕೆ ಕೂತಾಗ ತೆಗೆದದ್ದು. ಎಲೆಯನ್ನು ಕತ್ತರಿಸಿ ತೆಗೆದು, ತಲೆಯ ಹಿಂದೆ ಒಂದು ಪ್ರಭಾವಳಿ ಸೇರಿಸಿದ್ದರು. ಕೆಳಗೆ ದಪ್ಪ ಅಕ್ಷರದಲ್ಲಿ, 'ಒಬ್ಬರ ಕಾಲನ್ನೂ ಕತ್ತರಿಸಗೊಡದ ಮಹಾನುಭಾವರಿಗೆ ಅಶ್ರುತರ್ಪಣ' ಎಂದಿತ್ತು. ನರಸೀಪುರದ ಬಸ್ಸಿನಿಂದ ಇಳಿದವಳು ಅದನ್ನು ಓದಿ ಅಲ್ಲೇ ನಿಂತೆ. ಅಳು ಬರಬೇಕಾದ ಕಡೆ ನನಗೆ ಸಿಟ್ಟು ಬಂತು. ಬದುಕಿದ್ದರೆ ಅವರೇ ಆ ಫ್ಲೆಕ್ಸ್ ಹರಿದು ಹಾಕುತ್ತಿದ್ದರು. ಪ್ರಭಾವಳಿ ನೋಡಿ ಹೆಚ್ಚೆಂದರೆ ನಗುತ್ತಿದ್ದರು. ಕೆಳಗಿನ ಸಾಲನ್ನು ಮಾತ್ರ ಸಹಿಸುತ್ತಿರಲಿಲ್ಲ.

ಹೆಸರು ಹೇಳುವುದಿಲ್ಲ. ಅವರ ಮನೆಯವರು ಇನ್ನೂ ಅದೇ ಊರಿನಲ್ಲಿದ್ದಾರೆ, ಅವರಿಗೆ ಇದೆಲ್ಲ ಇಷ್ಟವಾಗಲಿಕ್ಕಿಲ್ಲ. ನನಗಂತೂ ಅವರು ಯಾವಾಗಲೂ ಬರೀ 'ಡಾಕ್ಟ್ರು'.

ಟಿ. ನರಸೀಪುರದಲ್ಲಿ ನಮ್ಮ ಮಾವನವರದ್ದೊಂದು ಮೆಡಿಕಲ್ ಸ್ಟೋರು. ಡಿ.ಫಾರ್ಮ ಓದಿದ ಸೊಸೆಯೇ ಬೇಕೆಂದು ಹುಡುಕಿ ನನ್ನನ್ನು ತಂದುಕೊಂಡಿದ್ದರು. ಮದುವೆಯ ಕಾಗದ ಅಚ್ಚಾಗುವ ಮೊದಲೇ ನನ್ನ ಸರ್ಟಿಫಿಕೇಟಿಗೆ ಕಟ್ಟು ಹಾಕಿಸಿ ಅಂಗಡಿಯ ಗೋಡೆಗೆ ತೂಗುಹಾಕಿದ್ದರಂತೆ. ನಾನು ಬಂದು ಕೌಂಟರಿನ ಹಿಂದೆ ಕೂತದ್ದು ತೊಂಬತ್ತರ ದಶಕದ ಮೊದಲಲ್ಲಿ. ಡಾಕ್ಟ್ರು ಆಗಲೇ ಅಂಗಡಿಯ ಹಿಂದಿನ ಕೋಣೆಯಲ್ಲಿ ಬುಧವಾರ, ಶನಿವಾರ ಕೂರುತ್ತಿದ್ದರು. ಉಳಿದ ದಿನ ನಂಜನಗೂಡಿನಲ್ಲಿ ಅವರದೇ ಸಣ್ಣ ಕ್ಲಿನಿಕ್ಕು. ಬಸ್ಸಿನಲ್ಲಿ ಬರುವರು, ಕಂಕುಳಲ್ಲಿ ಬಿಸ್ಕತ್ತಿನ ದೊಡ್ಡ ತಗಡಿನ ಡಬ್ಬಿ. ಅದರ ತುಂಬ ಕುದಿಸಿ ಒಣಗಿಸಿದ ಬ್ಯಾಂಡೇಜು ಬಟ್ಟೆ, ಇಕ್ಕಳ, ಕತ್ತರಿ. ಪಕ್ಕದ ಸೀಟಿನ ಮಕ್ಕಳು ಆ ಡಬ್ಬಿಯನ್ನೇ ನೋಡುತ್ತವೆಂದು ಜೇಬಿನಲ್ಲಿ ಬೇರೆ ಬಿಸ್ಕತ್ತಿನ ಪೊಟ್ಟಣ ಇಟ್ಟುಕೊಳ್ಳುತ್ತಿದ್ದರು.

ಜ್ವರ, ಕೆಮ್ಮು ಎಲ್ಲವನ್ನೂ ನೋಡುತ್ತಿದ್ದರು. ಆದರೆ ಅವರ ಜೀವ ಇದ್ದದ್ದು ಶುಗರ್ ರೋಗಿಗಳ ಕಾಲಿನಲ್ಲಿ. ಅಂಥವರು ಬಂದರೆ ಕುರ್ಚಿ ಬಿಟ್ಟು ಇಳಿದು ಮಣೆಯ ಮೇಲೆ ಕೂರುವರು, ತೊಡೆಯ ಮೇಲೆ ಟವಲು ಹಾಸಿ ರೋಗಿಯ ಕಾಲನ್ನು ಅದರ ಮೇಲಿಟ್ಟುಕೊಳ್ಳುವರು. ಮೊದಲ ಸಲ ಬಂದವರು ಬೆಂಕಿ ತುಳಿದಂತೆ ಕಾಲು ಎಳೆದುಕೊಳ್ಳುತ್ತಿದ್ದರು.

"ಬ್ಯಾಡಿ ಸಾ, ನೀವು ನಮ್ ಕಾಲ್ ಮುಟ್ಟಾದಾ? ಪಾಪ ಬತ್ತದೆ ನಮ್ಗೆ."

"ಬರಲಿ ಬಿಡಯ್ಯ, ಅರ್ಧ ನನಗಿರಲಿ. ಕಾಲು ಕೊಡು."

ಕಾಲು ನೋಡುವ ಮೊದಲು ಚಪ್ಪಲಿ ನೋಡುವರು. ನೋಡುವುದೆಂದರೆ ಕಣ್ಣಿನಿಂದಲ್ಲ, ಚಪ್ಪಲಿಯೊಳಗೆ ಬರಿಗೈ ಹಾಕಿ ಇಂಚಿಂಚೂ ತಡವುವರು. ಶುಗರ್ ಹಳೆಯದಾದರೆ ಅಂಗಾಲಿಗೆ ಏನೂ ತಿಳಿಯುವುದಿಲ್ಲ, ಕೆಂಡ ತುಳಿದರೂ ಗೊತ್ತಾಗುವುದಿಲ್ಲ. ಒಮ್ಮೆ ಒಬ್ಬ ಹೆಂಗಸಿನ ಚಪ್ಪಲಿಯಿಂದ ಅವರು ಕಿವಿಯೋಲೆಯ ತಿರುಪು ತೆಗೆದರು. ಅದು ಕಳೆದುಹೋಯಿತೆಂದು ಆಕೆ ನಾದಿನಿಯ ಮೇಲೆ ಗುಮಾನಿ ಪಟ್ಟು, ಮಾತು ಬಿಟ್ಟು, ಮನೆಯಲ್ಲಿ ಒಲೆ ಬೇರೆಯಾಗುವವರೆಗೆ ಹೋಗಿತ್ತು. ಅಷ್ಟು ದಿನವೂ ಅದರ ಮೇಲೇ ನಡೆದಾಡಿದ್ದಳು. ತಿರುಪನ್ನು ಅವಳ ಅಂಗೈಗೆ ಹಾಕಿ, "ಹೋಗಿ ನಾದಿನಿ ಹತ್ರ ಮಾತಾಡಮ್ಮ, ಆಮೇಲೆ ಡ್ರೆಸ್ಸಿಂಗು" ಅಂದರು. ಅವಳು ಅತ್ತದ್ದು ಹುಣ್ಣಿಗಲ್ಲ.

ಮೂಗೂ ಅಷ್ಟೇ ಚುರುಕು. ಬ್ಯಾಂಡೇಜು ಬಿಚ್ಚಿದ ಕೂಡಲೇ ಕಣ್ಣು ಮುಚ್ಚಿ ಹುಣ್ಣಿನ ಹತ್ತಿರ ಮೂಗು ಒಯ್ದು ಒಂದು ಸಲ ಉಸಿರೆಳೆದುಕೊಳ್ಳುವರು. ಹಾಗೆ ಎಳೆದುಕೊಂಡು ಒಬ್ಬ ಯಜಮಾನರನ್ನು ಬಹಳ ವಿನಯದಿಂದ ಕೇಳಿದರು, "ಏನು ಯಜಮಾನ್ರೇ, ಮನೇಲಿ ಕಾಫಿಪುಡಿಗೆ ಚಿಕೋರಿ ಸ್ವಲ್ಪ ಜಾಸ್ತೀನೇ ಹಾಕಿಸ್ತೀರಾ?" ಯಜಮಾನರು ತಲೆ ತಗ್ಗಿಸಿದರು. ಹಿಂದೆ ನಿಂತಿದ್ದ ಹೆಂಡತಿ, "ನಾನ್ ಏಳ್ನಿಲ್ವಾ, ಡಾಕ್ಟ್ರು ಕಂಡ್ ಇಡೀತಾರೆ ಅಂತ" ಎಂದು ಸೆರಗು ಬಾಯಿಗಿಟ್ಟುಕೊಂಡಳು.

ಹುಣ್ಣಿಗೆ ಮೆತ್ತಲು ಕಾಫಿಪುಡಿಯಾದರೂ ವಾಸಿ. ಸೀಮೆಎಣ್ಣೆ, ಸುಣ್ಣ, ಬ್ಯಾಟರಿ ಒಡೆದು ತೆಗೆದ ಮಸಿ, ಏನೇನು ಬರುತ್ತಿತ್ತೋ. ನಮ್ಮ ಕಡೆ ಔಷಧಿ ಅಂದರೆ ಉರಿಯಬೇಕು, ಉರಿಯದ ಔಷಧಿಯನ್ನು ಯಾರೂ ನಂಬುವುದಿಲ್ಲ. ಸ್ಪರ್ಶ ಹೋದ ಕಾಲಿಗೆ ಯಾವುದು ತಾನೇ ಉರಿದೀತು? ಹಾಗಾಗಿ ಕೌಂಟರಿಗೆ ಬಂದು, "ಇದ್ ಕೆಲ್ಸ ಮಾಡಾಕಿಲ್ಲ ಅಕ್ಕ, ಇನ್ನೂ ಸ್ಟ್ರಾಂಗಾಗಿರದ್ ಕೊಡಿ" ಎಂದು ಪೀಡಿಸುವರು. ಗಾಯಕ್ಕೆ ಸುರಿದರೆ ನೊರೆ ಉಕ್ಕುವ ನೀರು ಕೊಟ್ಟರೆ ಅವರಿಗೆ ಪರಮಾನಂದ, ಔಷಧಿ ಕೆಲಸ ಮಾಡುವುದು ಕಣ್ಣಿಗೇ ಕಾಣುತ್ತದಲ್ಲ. ಡಾಕ್ಟ್ರು ಆ ನೊರೆಯ ನೀರನ್ನು ಬಿಟ್ಟೇ ಬಿಟ್ಟಿದ್ದರು. ಕಂದು ಬಣ್ಣದ ದ್ರಾವಣವನ್ನೂ ತೀರ ಕಡಿಮೆ ಮಾಡಿದ್ದರು. "ಇವು ಕ್ರಿಮೀನೂ ಕೊಲ್ತವೆ, ಅದರ ಪಕ್ಕದಲ್ಲಿ ಹೊಸದಾಗಿ ಹುಟ್ತಿರೋ ಮಾಂಸಾನೂ ಕೊಲ್ತವೆ. ಕಳೆ ಕೀಳೋಕೆ ಹೋಗಿ ಪೈರು ಕಿತ್ತಂಗೆ" ಎನ್ನುವರು.

ಇದನ್ನೆಲ್ಲ ಯಾಕೆ ಹೇಳುತ್ತಿದ್ದೇನೆಂದರೆ, ಅವರು ಬೇಜವಾಬ್ದಾರಿ ಮನುಷ್ಯರಲ್ಲ. ಹುಣ್ಣಿನ ಮೇಲೆ ಏನು ಹಾಕುತ್ತೇವೆ, ಅದರಿಂದ ಏನು ಕೆಡುಕಾಗಬಹುದು ಎಂದು ಅಷ್ಟು ಯೋಚಿಸುವವರನ್ನು ನಾನು ಬೇರೆ ಕಂಡಿಲ್ಲ. ಯೋಚಿಸಿ ಯೋಚಿಸಿಯೇ ಅವರು ಆ ಬಿಳಿ ಪುಡಿಗೆ ಬಂದು ನಿಂತಿದ್ದರು.

ಪ್ಲಾಸ್ಟಿಕ್ ಡಬ್ಬಿ. ಹೊಟ್ಟೆ ಒತ್ತಿದರೆ ಮೂತಿಯಿಂದ ಪುಸ್ಸೆಂದು ಪುಡಿ ಉದುರುತ್ತಿತ್ತು. ಆಂಟಿಬಯೋಟಿಕ್ ಬೆರೆಸಿದ ಪುಡಿ. ಎಲ್ಲ ಅಂಗಡಿಯಲ್ಲೂ ಸಿಗುತ್ತಿತ್ತು, ಮನೆಮನೆಯ ಗೂಡಿನಲ್ಲೂ ಇರುತ್ತಿತ್ತು. ಉರಿಯಿಲ್ಲ, ಕಲೆಯಿಲ್ಲ, ವಾಸನೆಯಿಲ್ಲ. "ಹಸುವಿನಂಥ ಔಷಧಿ ಕಣಮ್ಮ, ಹಾಯಲ್ಲ, ಒದೆಯಲ್ಲ" ಎಂದು ಡಬ್ಬಿಯ ಬೆನ್ನು ಸವರುತ್ತಿದ್ದರು. ಜನಕ್ಕೂ ಅದು ಕ್ರಮೇಣ ಒಗ್ಗಿತು. ಎಳೆಗೂಸಿಗೆ ಪೌಡರು ಹಾಕುವ ಹಾಗೆ ಹುಣ್ಣಿಗೆ ಧಾರಾಳವಾಗಿ ಸುರಿದು ಬಟ್ಟೆ ಕಟ್ಟುತ್ತಿದ್ದರು.

ಮೈಸೂರಿನ ದೊಡ್ಡಾಸ್ಪತ್ರೆಗೆ ಹೋದರೆ ಕಾಲು ಕತ್ತರಿಸುತ್ತಾರೆ ಅನ್ನುವ ಭಯ ಆಗ ನಮ್ಮ ತಾಲೂಕಿನಲ್ಲೆಲ್ಲ ಇತ್ತು. ಕತ್ತರಿಸಲೇಬೇಕಾದದ್ದನ್ನೂ ಜನ ಬಟ್ಟೆ ಸುತ್ತಿಕೊಂಡು ಇಲ್ಲಿಗೆ ತರುತ್ತಿದ್ದರು. ಅವುಗಳಲ್ಲಿ ಎಷ್ಟನ್ನೋ ಡಾಕ್ಟ್ರು ಉಳಿಸಿದರು ಅನ್ನುವುದು ಸುಳ್ಳಲ್ಲ. ಅದು ಅವರ ಹೆಮ್ಮೆ. ಹೆಮ್ಮೆ ಬಂದಾಗ ಮನುಷ್ಯ ಸ್ವಲ್ಪ ಕುರುಡಾಗುತ್ತಾನೆ, ಅವರೂ ಆಗಿದ್ದರು. ಮಣೆಯ ಮೇಲೆ ಕೂತರೆ ಅವರ ಕಣ್ಣಿಗೆ ಮೊಣಕಾಲಿನಿಂದ ಮೇಲೆ ಏನೂ ಕಾಣುತ್ತಿರಲಿಲ್ಲ.

ಪುಟ್ಟಮಾದಯ್ಯ ಬಂದದ್ದು ಅವರ ಆ ಹೆಮ್ಮೆಯ ದಿನಗಳಲ್ಲಿ. ಬನ್ನೂರಿನ ಒಂದು ರೈಸ್ ಮಿಲ್ಲಿನಲ್ಲಿ ಮಿಷನ್ ನಡೆಸುವವನು. ಅಂಗಾಲಿನಲ್ಲಿ ಅಂಗೈ ಅಗಲದ ಹುಣ್ಣು. ಮೈಸೂರಿನಲ್ಲಿ ಪಾದ ತೆಗೆಯಬೇಕೆಂದರು ಅಂತ ರಾತ್ರೋರಾತ್ರಿ ಹೆಂಡತಿ ಸಣ್ಣಮ್ಮನ ಜೊತೆ ಎದ್ದು ಬಂದಿದ್ದ. ಬಂದವನು ಬಾಯಿ ಮುಚ್ಚದ ಮಾತುಗಾರ. ಬೆಂಚಿನ ಮೇಲೆ ಕಾಲು ಚಾಚಿಕೊಂಡು ಬೀದಿಯಲ್ಲಿ ಹೋಗುವ ಗಾಡಿಗಳ ಜಾತಕ ಹೇಳುತ್ತಿದ್ದ.

"ನೋಡಕ್ಕ, ಆ ಲಾರಿಗೆ ಬೇರಿಂಗ್ ಓಗದೆ. ಮೂಗೂರ್ ದಾಟಾಕಿಲ್ಲ."

"ನೋಡದೇನೇ ಹೇಗಯ್ಯ ಗೊತ್ತಾಗುತ್ತೆ?"

"ನೋಡಾದೇನ್ ಬಂತು, ಕಿವಿ ಅವಲ್ಲ. ಮಿಲ್ಲಲ್ಲಿ ನಾನು ಕಣ್ ಮುಚ್ಕಂಡಿರ್ತೀನಿ. ಬೆಲ್ಟ್ ಸಡ್ಲ ಆದ್ರೆ ಒಂದ್ ಸದ್ದು, ನೆಲ್ಲು ತ್ಯಾವ ಇದ್ರೆ ಒಂದ್ ಸದ್ದು. ಅಕ್ಕಿ ನುಚ್ಚಾಯ್ತದೆ ಅನ್ನಾದು ನುಚ್ಚಾಗಕ್ ಮುಂಚೆನೇ ಗೊತ್ತಾಯ್ತದೆ. ನಮ್ ಸಾವ್ಕಾರ್ರು ನಂಗೆ ಸಂಬ್ಳ ಕೊಡಾದು ಈ ಕಿವಿಗೆಯಾ."

ಒಳಗೆ ಡ್ರೆಸ್ಸಿಂಗ್ ಮಾಡುವಾಗಲೂ ಇದೇ ಮಾತು. ಡಾಕ್ಟ್ರು ಹೂಂ ಹೂಂ ಅನ್ನುತ್ತ ತಲೆ ಬಗ್ಗಿಸಿಕೊಂಡೇ ಇರುತ್ತಿದ್ದರು. ಅವನ ಮುಖ ಬೆಳಗ್ಗೆ ಊದಿಕೊಳ್ಳುತ್ತಿತ್ತು, ಶುಗರ್ರಿನಿಂದ ಕಿಡ್ನಿ ಸೋಲುತ್ತಿದೆ ಅನ್ನುವುದು ಅವರಿಗೆ ಗೊತ್ತಿತ್ತು. ಅದಕ್ಕೇ ಬಲವಾದ ಇಂಜೆಕ್ಷನ್ನು, ಮಾತ್ರೆ ಬೇಡವೆಂದು ಪುಡಿಯನ್ನೇ ನೆಚ್ಚಿಕೊಂಡರು. ಮೈಯೊಳಗೆ ಹೋಗದ ಔಷಧಿ, ಮೇಲೆಮೇಲೇ ಇರುತ್ತದೆ ಅನ್ನುವುದು ಅವರ ನಂಬಿಕೆ. ಮನೆಯಲ್ಲಿ ದಿನಾ ಹುಣ್ಣು ತೊಳೆದು ಪುಡಿ ತುಂಬುವ ಕೆಲಸ ಸಣ್ಣಮ್ಮನದು. ಅವಳು ಅದನ್ನು ದೇವರ ಪೂಜೆಯ ಹಾಗೆ ಮಾಡಿದಳು.

ಹುಣ್ಣು ಮಾಗಲು ತಿಂಗಳುಗಳೇ ಹಿಡಿದವು. ಆದರೆ ಮಾಗಿತು. ಅಂಚಿನಿಂದ ಗುಲಾಬಿ ಬಣ್ಣದ ಚರ್ಮ ಬಂದಂತೆಲ್ಲ ಡಾಕ್ಟ್ರು ನನ್ನನ್ನು ಕೂಗಿ ಕರೆದು ತೋರಿಸುತ್ತಿದ್ದರು, ಮೊಮ್ಮಗುವಿನ ಹಲ್ಲು ತೋರಿಸುವ ಅಜ್ಜನ ಹಾಗೆ. ಅದೇ ದಿನಗಳಲ್ಲಿ ಪುಟ್ಟಮಾದಯ್ಯ ಒಂದು ವಿಷಯ ಹೇಳಿದ್ದ. "ಸಾ, ಕಿವೀಲಿ ಜೀರುಂಡೆ ಕೂಗ್ದಂಗಾಯ್ತದೆ. ಮಿಲ್ ನಿಲ್ಸುದ್ರೂ ಸದ್ದು ನಿಲ್ಲಾಕಿಲ್ಲ."

"ಮಿಲ್ಲಿನೋರಿಗೆಲ್ಲ ಅದು ಇದ್ದದ್ದೇ ಕಣಯ್ಯ" ಅಂದರು ಡಾಕ್ಟ್ರು. ಯಾರಾದರೂ ಅದನ್ನೇ ಹೇಳುತ್ತಿದ್ದರು.

ಆಮೇಲೆ ಅವನು ಬೆಂಚಿನ ಮೇಲೆ ಕೂತು ಲಾರಿಗಳ ಜಾತಕ ಹೇಳುವುದು ನಿಂತಿತು. ನಾನು ಏನಾದರೂ ಕೇಳಿದರೆ "ಆ?" ಅನ್ನತೊಡಗಿದ. ಬರಬರುತ್ತ ಸಣ್ಣಮ್ಮ ಅವನ ತೋಳು ತಟ್ಟಿ, ಮುಖ ತಿರುಗಿಸಿಕೊಂಡು ಕಿರುಚಬೇಕಾಯಿತು. ಕಾಲು ಪೂರ್ತಿ ವಾಸಿಯಾಗಿ ಅವನು ಕೋಲಿಲ್ಲದೆ ನಡೆಯುವ ಹೊತ್ತಿಗೆ ಕಿವಿ ಪೂರ್ತಿ ಹೋಗಿತ್ತು. ಮಿಲ್ಲಿನಲ್ಲಿ ಬೆಲ್ಟು ಜಾರಿದ್ದು ಅವನಿಗೆ ಕೇಳಿಸದೆ ಮಿಷನ್ ಹಾಳಾಯಿತು. ಸಾಹುಕಾರರು ಅವನನ್ನು ಮಿಷನ್ನಿನಿಂದ ತೆಗೆದು ತೌಡು ಗುಡಿಸಲು ಹಾಕಿದರು. ಸಣ್ಣಮ್ಮ ಮಿಲ್ಲಿನ ಬಾಗಿಲಲ್ಲಿ ನಿಂತು, ನನ್ನ ಗಂಡನ ಕಿವಿ ತಿಂದದ್ದು ನಿಮ್ಮ ಮಿಲ್ಲು ಎಂದು ಶಾಪ ಹಾಕಿ ಮಣ್ಣು ತೂರಿ ಬಂದಳು. ಬಂದವಳು ನೇರ ನಮ್ಮ ಅಂಗಡಿಗೇ ಬಂದು ಡಾಕ್ಟ್ರ ಮುಂದೆ ಹೇಳಿಕೊಂಡು ಅತ್ತಳು. "ನೀವು ಕಾಲ್ ಉಳ್ಸುದ್ರಿ ಸಾ, ಆ ಮನೆಹಾಳರು ಕಿವಿ ಕಿತ್ಕಂಡ್ರು."

ಮುಂದಿನ ವಾರ ಡಾಕ್ಟ್ರು ಪುಟ್ಟಮಾದಯ್ಯನನ್ನು ತಾವೇ ಕರೆದುಕೊಂಡು ಮೈಸೂರಿನಲ್ಲಿದ್ದ ತಮ್ಮ ಸಹಪಾಠಿ, ಕಿವಿಯ ಡಾಕ್ಟರ ಹತ್ತಿರ ಹೋದರು. ಅಲ್ಲಿ ಏನಾಯಿತೆಂದು ನನಗೆ ಹೇಳಿದ್ದು ಅದರ ನಂತರದ ಬುಧವಾರ, ರೋಗಿಗಳೆಲ್ಲ ಹೋದ ಮೇಲೆ. ಆ ಸಹಪಾಠಿ ಮೊದಲು ಮಿಲ್ಲಿನ ಬಗ್ಗೆ ಕೇಳಿದರಂತೆ. ಆಮೇಲೆ ಕಿಡ್ನಿಯ ಬಗ್ಗೆ. ಆಮೇಲೆ ಹುಣ್ಣಿಗೆ ಏನು ಹಾಕುತ್ತಿದ್ದೆ ಎಂದು. ಪುಡಿಯ ಹೆಸರು ಹೇಳಿದ ಕೂಡಲೇ ಪೆನ್ನು ಕೆಳಗಿಟ್ಟರಂತೆ. ಅಷ್ಟು ದೊಡ್ಡ ಹುಣ್ಣಿಗೆ, ಅಷ್ಟು ಕಾಲ ಹಾಕಿದರೆ ಅದು ಮೇಲೆಮೇಲೇ ಇರುವುದಿಲ್ಲ, ರಕ್ತಕ್ಕೆ ಇಳಿಯುತ್ತದೆ. ಕಿಡ್ನಿ ಚೆನ್ನಾಗಿದ್ದರೆ ಹೊರಗೆ ಹಾಕುತ್ತಿತ್ತು. ಸೋತ ಕಿಡ್ನಿ ಹಾಕಲಾರದು, ಅದು ಒಳಗೇ ಉಳಿದು ಕಿವಿಯ ನರವನ್ನು ಹಿಡಿಯುತ್ತದೆ.

"ಮಿಲ್ಲೂ ಇರಬಹುದು, ಶುಗರ್ರೂ ಇರಬಹುದು ಅಂದ. ಆದರೆ ಮಿಲ್ಲು ಇಷ್ಟು ಬೇಗ ಇಷ್ಟೂ ತಗೊಂಡು ಹೋಗಲ್ಲ ಅಂತಾನೂ ಅಂದ" ಎಂದರು ಡಾಕ್ಟ್ರು. ಬಿಸ್ಕತ್ತಿನ ಡಬ್ಬಿ ಮುಚ್ಚಿ, "ಇದು ಪುಸ್ತಕದಲ್ಲಿದೆ ಕಣಮ್ಮ. ನಾನೂ ಓದಿದ್ದೆ. ಇಂಜೆಕ್ಷನ್ ಕೊಟ್ಟರೆ ಹೀಗಾಗುತ್ತೆ ಅಂತ ಓದಿದ್ದೆ. ಪುಡಿ ಅಂತ ಅಸಡ್ಡೆ ಮಾಡಿದೆ" ಅಂದರು.

"ಅವರು ಏನು ಮಾಡು ಅಂದ್ರು ಡಾಕ್ಟ್ರೇ?"

"ಹೋದ ಕಿವಿ ಬರಲ್ಲ, ಸುಮ್ಮನಿರು ಅಂದ."

ನನಗೂ ಅದೇ ಸರಿ ಅನ್ನಿಸಿತ್ತು. ಮರೆಮಾಚುವುದೇನು, ಊರಿಗೆ ಊರೇ ಮಿಲ್ಲನ್ನು ದೂರುತ್ತಿತ್ತು, ಡಾಕ್ಟ್ರು ಬಾಯಿ ಮುಚ್ಚಿಕೊಂಡಿದ್ದರೆ ಸಾಕಿತ್ತು. ಇನ್ನೂ ಎಷ್ಟು ಕಾಲುಗಳು ಆ ಬೆಂಚಿನ ಮೇಲೆ ಕಾಯುತ್ತಿದ್ದವು! ಅವರ ಮೇಲಿನ ನಂಬಿಕೆ ಹೋದರೆ ಆ ಜನ ಮತ್ತೆ ಬ್ಯಾಟರಿ ಮಸಿಗೆ ಹೋಗುತ್ತಾರೆ ಎಂದು ವಾದಿಸಿದೆ. ಅಂಗಡಿಯ ಚಿಂತೆಯೂ ಇತ್ತು, ಇಲ್ಲವೆನ್ನುವುದಿಲ್ಲ. ಪುಡಿಯನ್ನು ಅವತ್ತೇ ನಿಲ್ಲಿಸಿದರು, ದೊಡ್ಡ ಹುಣ್ಣಿನವರಿಗೆ ಯಾರು ಕೇಳಿದರೂ ಕೊಡಬೇಡವೆಂದು ನನಗೆ ಹೇಳಿದರು. ಅಷ್ಟಕ್ಕೆ ಮುಗಿಯಿತೆಂದುಕೊಂಡೆ. ಆದರೆ ಅವರು ಊಟ ಬಿಟ್ಟವರ ಹಾಗೆ ಆಗಿದ್ದರು, ಹುಣ್ಣಿನ ವಾಸನೆ ತೆಗೆದುಕೊಳ್ಳುವಾಗಲೂ ಮನಸ್ಸು ಅಲ್ಲಿರುತ್ತಿರಲಿಲ್ಲ.

"ಮಿಲ್ಲಿನೋರಿಗೆ ಶಾಪ ಹಾಕ್ತಾಳಲ್ಲಮ್ಮ ಅವಳು" ಅಂದರು ಒಂದು ದಿನ. "ಅದು ನನಗೆ ಬರಬೇಕಾದ್ದು."

"ಹಾಗಿದ್ರೆ ಸಣ್ಣಮ್ಮನಿಗೆ ಮೆಲ್ಲಗೆ ಹೇಳಿ. ಅವಳು ಮನೇಲಿ ಅವನಿಗೆ ಕೈಸನ್ನೆ ಮಾಡಿ ತಿಳಿಸ್ತಾಳೆ."

"ಕಿವಿ ಅವಳದಲ್ಲವಲ್ಲ."

ಪುಟ್ಟಮಾದಯ್ಯನಿಗೆ ಓದಲು ಬರುತ್ತಿರಲಿಲ್ಲ. ಹೇಳಬೇಕೆಂದರೆ ಕೂಗಿಯೇ ಹೇಳಬೇಕು. ನಮ್ಮ ಹಿಂದಿನ ಕೋಣೆಗೆ ಬಾಗಿಲಿರಲಿಲ್ಲ, ಒಂದು ಹೂವಿನ ಪರದೆ ಅಷ್ಟೆ. ಇಷ್ಟೂ ಅವರಿಗೆ ಗೊತ್ತಿತ್ತು.

ಅದೊಂದು ಶನಿವಾರ. ಬೆಂಚು ತುಂಬಿ, ಜನ ಮೆಟ್ಟಿಲ ಮೇಲೂ ಕೂತಿದ್ದರು. ಪುಟ್ಟಮಾದಯ್ಯ ಒಳಗೆ ಹೋದ. ಡಾಕ್ಟ್ರು ಎಂದಿನಂತೆ ಮಣೆಯ ಮೇಲೆ ಕೂತು ಅವನ ಕಾಲನ್ನು ತೊಡೆಯ ಮೇಲಿಟ್ಟುಕೊಂಡರು. ವಾಸಿಯಾದ ಕಾಲು, ಡ್ರೆಸ್ಸಿಂಗಿನ ಅಗತ್ಯ ಇರಲಿಲ್ಲ. ಆಮೇಲೆ ತಲೆಯೆತ್ತಿ ಅವನ ಮುಖ ನೋಡಿದರು. ಸಿದ್ಧಮಾಡಿಕೊಂಡು ಬಂದ ಮಾತು ಅನ್ನುವುದು ಕೇಳಿದರೇ ತಿಳಿಯುತ್ತಿತ್ತು.

"ಪುಟ್ಟಮಾದಯ್ಯ, ನಿನ್ನ ಹುಣ್ಣಿಗೆ ಹಾಕ್ತಿದ್ವಲ್ಲ ಪುಡಿ, ಅದು ಕಿಡ್ನಿ ಸರಿ ಇಲ್ಲದೋರಿಗೆ ಕೆಲವು ಸಲ ಕಿವಿಗೆ ತೊಂದರೆ ಮಾಡೋ ಸಂಭವ ಇದೆ. ನಿನಗೂ ಅದರಿಂದಲೇ ಆಗಿರಬಹುದು. ಖಂಡಿತ ಅಂತ ಹೇಳೋಕಾಗಲ್ಲ, ಆದರೆ..."

"ಆ?"

ಗಟ್ಟಿಯಾಗಿ ಮತ್ತೆ ಹೇಳಿದರು. ಅವನು ಅವರ ತುಟಿಯನ್ನೇ ನೋಡಿ, ಕಾಲಿನ ಬಗ್ಗೆ ಕೇಳುತ್ತಿದ್ದಾರೆಂದುಕೊಂಡು ಮುಖ ಅರಳಿಸಿದ. "ಕಾಲಾ ಸಾ? ಪಸಂದಾಗದೆ! ಬಸ್‌ ಸ್ಟ್ಯಾಂಡಿಂದ ನಡ್ಕಂಡೇ ಬಂದೆ!" ಎಂದು ಪಾದವನ್ನು ಅವರ ತೊಡೆಯ ಮೇಲೆ ಆಚೀಚೆ ತಿರುಗಿಸಿ ತೋರಿಸಿದ.

ಡಾಕ್ಟ್ರು ಮತ್ತೆ ಕೂಗಿದರು. ಈ ಸಲ ಬೆಂಚಿನವರು ಮಾತು ನಿಲ್ಲಿಸಿದರು. ಪಕ್ಕದ ಸೆಲೂನಿನವನು ಕತ್ತರಿ ಹಿಡಿದುಕೊಂಡೇ ಹೊರಗೆ ಬಂದ. ಪುಟ್ಟಮಾದಯ್ಯನಿಗೆ ಮಾತ್ರ ತಲುಪಲಿಲ್ಲ. ಪರದೆ ಸರಿಸಿ ನಾನು ಒಳಗೆ ನೋಡಿದೆ. ಡಾಕ್ಟ್ರು ಮೇಜಿನ ಕೆಳಗಿನಿಂದ ಹಳೆಯ ಪುಡಿ ಡಬ್ಬಿ ತೆಗೆದು ಅವನ ಮುಖದ ಮುಂದೆ ಹಿಡಿದರು. ಆಮೇಲೆ ಅವನ ಕಿವಿ ಮುಟ್ಟಿದರು. ಆಮೇಲೆ ಅಂಗೈಯಿಂದ ತಮ್ಮ ಎದೆಗೆ ಬಡಿದುಕೊಂಡರು.

"ಪುಡಿ! ಕಿವಿ! ನಾನು!"

ಇರಬಹುದು, ಸಂಭವ, ಖಂಡಿತ ಹೇಳೋಕಾಗಲ್ಲ, ಇಂಥ ಮಾತುಗಳನ್ನು ಕೂಗಿ ಹೇಳಲು ಬರುವುದಿಲ್ಲ. ಅವೆಲ್ಲ ಉದುರಿಹೋಗಿ ಉಳಿದದ್ದು ಆ ಮೂರು. ಬೀದಿಗೆಲ್ಲ ಕೇಳಿದ್ದೂ ಆ ಮೂರೇ.

ಮೊದಲು ಅರ್ಥವಾದದ್ದು ಸಣ್ಣಮ್ಮನಿಗೆ. ಗೋಡೆಗೆ ಒರಗಿ ನಿಂತಿದ್ದವಳು ಹಾಗೇ ಕುಸಿದು ಕೂತು, "ಅಯ್ಯೋ, ನಾನೇ ಕನಪ್ಪ ದಿನಾ ತುಂಬ್ದೋಳು, ಈ ಕೈಲೇಯ" ಎಂದು ತನ್ನ ಕೈಗಳನ್ನು ನೋಡಿಕೊಂಡಳು. ಅದನ್ನು ಡಾ‌ಕ್ಟ್ರು ಯೋಚಿಸಿರಲಿಲ್ಲ. ಅವರ ಮುಖ ನೋಡಿದರೆ ಗೊತ್ತಾಗುತ್ತಿತ್ತು, ಖಂಡಿತ ಯೋಚಿಸಿರಲಿಲ್ಲ. ಮಿಲ್ಲಿನಿಂದ ಇಳಿಸಿ ತಮ್ಮ ತಲೆಗೆ ಹಾಕಿಕೊಳ್ಳಲು ಹೋದ ಭಾರ ಅರ್ಧ ಅವಳ ತಲೆಗೆ ಬಿದ್ದಿತ್ತು. "ನಿನ್ನದಲ್ಲಮ್ಮ, ನಾನು ಹೇಳಿದ್ದನ್ನ ನೀನು ಮಾಡಿದೆ ಅಷ್ಟೆ" ಎಂದು ಮತ್ತೆ ಮತ್ತೆ ಹೇಳಿದರು. ಅವಳು ಕೇಳುವ ಸ್ಥಿತಿಯಲ್ಲಿರಲಿಲ್ಲ.

ಪುಟ್ಟಮಾದಯ್ಯ ಡಬ್ಬಿಯನ್ನು ಅವರ ಕೈಯಿಂದ ತೆಗೆದುಕೊಂಡು ತಿರುಗಿಸಿ ತಿರುಗಿಸಿ ನೋಡಿದ. ಒಮ್ಮೆ ಒತ್ತಿದ, ಪುಸ್ಸೆಂದು ಸ್ವಲ್ಪ ಪುಡಿ ಹಾರಿತು. ಆ ಸದ್ದೂ ಅವನಿಗೆ ಕೇಳಿಸಿರಲಾರದು. ಆಮೇಲೆ ಮಾತಾಡಿದ. ಕಿವುಡರಿಗೆ ತಮ್ಮ ದನಿ ಎಷ್ಟು ದೊಡ್ಡದೆಂದು ತಿಳಿಯುವುದಿಲ್ಲ.

"ಮೊದ್ಲೇ ಒಂದ್ ಮಾತ್ ಕೇಳಿದ್ರೆ ಕಾಲ್ನೇ ಬುಟ್ಬುಡ್ತಿದ್ನಲ್ಲ ಸಾ. ಮಿಲ್ಗೆ ಕಾಲ್ ಯಾಕೆ? ಕುರ್ಚಿ ಮ್ಯಾಲೆ ಕೂತ್ಕಂಡೇ ಓಡ್ಸ್ತಿದ್ದೆ."

ಬೈಗುಳವಿರಲಿಲ್ಲ, ಜಗಳವಿರಲಿಲ್ಲ. ತೊಡೆಯ ಮೇಲಿದ್ದ ಕಾಲನ್ನು ತೆಗೆದುಕೊಂಡ, ಚಪ್ಪಲಿ ಮೆಟ್ಟಿದ, ಹೆಂಡತಿಯನ್ನು ಎಬ್ಬಿಸಿಕೊಂಡು ಹೋದ. ಮತ್ತೆ ಅವನು ನಮ್ಮ ಅಂಗಡಿಗೆ ಬರಲಿಲ್ಲ.

ನಾನು ಹೆದರಿದ ಹಾಗೇ ಆಯಿತು. 'ಆ ಡಾಕ್ಟ್ರು ಕಾಲ್ ಕೊಟ್ಟು ಕಿವಿ ಕಿತ್ಕತಾರೆ' ಎಂದು ಊರೆಲ್ಲ ಹಬ್ಬಿತು. ಬೆಂಚು ಖಾಲಿ ಬಿತ್ತು. ಬರುತ್ತಿದ್ದ ಕೆಲವರು ನಡುವೆ ಬಿಟ್ಟು, ಮನೆಮದ್ದು ಮಾಡಿಕೊಂಡು, ಕಡೆಗೆ ಮೈಸೂರಿನಲ್ಲಿ ಕಾಲು ಕಳೆದುಕೊಂಡರು. ಅವರ ಸುದ್ದಿ ಕೇಳಿದಾಗಲೆಲ್ಲ ನಾನು ಒಳಗೊಳಗೇ ಡಾಕ್ಟ್ರನ್ನು ಬೈದುಕೊಂಡಿದ್ದೇನೆ. ಅವರು ಮಾಡಿದ್ದು ಸರಿ ಎಂದು ಇವತ್ತಿಗೂ ಎದೆ ತಟ್ಟಿ ಹೇಳಲಾರೆ. ಆದರೆ ಸುಮ್ಮನಿದ್ದಿದ್ದರೆ ಅವರ ಮುಖ ನೋಡಲು ನನಗೆ ಆಗುತ್ತಿತ್ತು ಎಂದೂ ಹೇಳಲಾರೆ.

ಅವರು ಬದಲಾದರು. ಮಣೆಯ ಮೇಲೆ ಕೂರುವ ಮೊದಲು ಕುರ್ಚಿಯಲ್ಲಿ ಕೂತು ರೋಗಿಯ ಎದುರೆದುರು ಮಾತಾಡತೊಡಗಿದರು. ಏನು ಕೆಲಸ ಮಾಡ್ತೀಯ? ಯಾವುದಿಲ್ಲದೆ ನಿನಗೆ ಆಗೋದೇ ಇಲ್ಲ? ಈ ಔಷಧಿಯಿಂದ ಹೀಗಾಗಬಹುದು, ಆ ಔಷಧಿಯಿಂದ ಹಾಗಾಗಬಹುದು, ಯಾವುದು ಹಾಕಲಿ? ಜನಕ್ಕೆ ಇದು ಸ್ವಲ್ಪವೂ ಹಿಡಿಸಲಿಲ್ಲ. "ಮದ್ದು ಕೊಡೋರು ನೀವು, ನಮ್ಮುನ್ನ್ ಯಾಕ್ ಕೇಳೀರಿ?" ಎಂದು ಗೊಣಗುತ್ತಿದ್ದರು. ಡಾಕ್ಟರಿಗೆ ಧೈರ್ಯ ಹೋಗಿದೆ ಎಂದೂ ಆಡಿಕೊಂಡರು. ಅದರಲ್ಲಿ ನಿಜವೂ ಇತ್ತು. ಮೊದಲಿನ ಆ ಕೈಯ ವೇಗ, ಚಿಕೋರಿಯ ತಮಾಷೆ ಮತ್ತೆ ಬರಲಿಲ್ಲ.

ಬಿಳಿಗೆರೆಯ ಒಬ್ಬ ಹೂ ಕಟ್ಟುವ ಹೆಂಗಸು ನಂಜನಗೂಡಿನ ಕ್ಲಿನಿಕ್ಕಿಗೆ ಹೋದಳಂತೆ, ಕಾಲಿನ ಹೆಬ್ಬೆರಳು ಕಪ್ಪಾಗಿತ್ತು. ಇವರು ಎಲ್ಲವನ್ನೂ ವಿವರಿಸಿ ಕೇಳಿದಾಗ ಅವಳು, "ಬೆಳ್ ಓದ್ರೆ ಓಗ್ಲಿ ಸಾ, ಕಣ್ಣೂ ಕೈಯೂ ನೆಟ್ಟಗಿರ್ಲಿ, ಹೂ ಕಟ್ಟಾಕೆ ಕಾಲ್ಬೆಳ್ ಯಾಕೆ" ಅಂದಳಂತೆ. ತಾವೇ ಕಾಗದ ಕೊಟ್ಟು ಮೈಸೂರಿಗೆ ಕಳಿಸಿ ಬೆರಳು ತೆಗೆಸಿದರು. ಅದನ್ನು ನನಗೆ ಹೇಳುವಾಗ ಅವರ ದನಿಯಲ್ಲಿ ಹೆಮ್ಮೆಯೂ ಇರಲಿಲ್ಲ, ನಾಚಿಕೆಯೂ ಇರಲಿಲ್ಲ. ಫ್ಲೆಕ್ಸ್ ಬರೆಸಿದವರಿಗೆ ಈ ಹೆಂಗಸಿನ ವಿಷಯ ಗೊತ್ತಿಲ್ಲ.

ಎರಡು ಸಾವಿರದ ಇಸವಿ ದಾಟಿದ ಮೇಲೆ ಹೊಸ ಹೊಸ ಡ್ರೆಸ್ಸಿಂಗುಗಳು ಬಂದವು. ಟೈ ಕಟ್ಟಿದ ಒಬ್ಬ ಮೆಡಿಕಲ್ ರೆಪ್ ಬೆಳ್ಳಿಯ ಅಂಶ ಸೇರಿಸಿದ ಪಟ್ಟಿಯೊಂದನ್ನು ತಂದು, "ಕ್ರಿಮಿಗಳಿಗೆ ಯಮ ಸಾರ್, ಯಾವ ತೊಂದರೆಯೂ ಇಲ್ಲ" ಅಂದ. ಡಾಕ್ಟ್ರು ಕನ್ನಡಕ ಏರಿಸಿ, "ಯಾರಿಗೆ ಇಲ್ಲ?" ಎಂದು ಕೇಳಿದರು. ಅವನಿಗೆ ಪ್ರಶ್ನೆಯೇ ಅರ್ಥವಾಗಲಿಲ್ಲ. "ಕಿಡ್ನಿ ಹೋದೋರಿಗೆ ಇಲ್ವಾ? ತಿಂಗಳುಗಟ್ಟಲೆ ಹಾಕಿದೋರಿಗೆ ಇಲ್ವಾ? ನೋಡಿದೀರಾ, ಯಾರಾದ್ರೂ?" ಅವನು ಬಣ್ಣದ ಕಾಗದಗಳನ್ನು ಮಡಿಸಿಕೊಂಡು ಬಾಗಿಲ ಕಡೆ ನೋಡತೊಡಗಿದ. ಆ ಪಟ್ಟಿಯನ್ನು ಅವರು ಬೇಡವೆನ್ನಲಿಲ್ಲ, ಕೆಲವರಿಗೆ ಹಾಕಿದರು, ಒಳ್ಳೆಯದೂ ಆಯಿತು. ಆದರೆ ಹಾಕಿದ ಪ್ರತಿ ಸಲವೂ ಅವರಿಗೆ ನಿದ್ದೆ ಇರಲಿಲ್ಲವೇನೋ.

ಪುಟ್ಟಮಾದಯ್ಯ ಮಿಲ್ಲು ಬಿಟ್ಟು ಕುರಿ ಸಾಕಿದ. ಬನ್ನೂರಿನ ಕುರಿಗೆ ಯಾವಾಗಲೂ ಬೇಡಿಕೆ. ಕಿವಿಯಿಲ್ಲದಿದ್ದರೂ ಕಣ್ಣಿನಲ್ಲೇ ಮಂದೆ ಕಾಯುತ್ತಾನೆ, ಕಾಲುವೆ ಏರಿಯ ಮೇಲೆ ದಿನವೆಲ್ಲ ನಡೆಯುತ್ತಾನೆ ಎಂದು ಸಣ್ಣಮ್ಮ ಅವನ ಶುಗರ್ ಮಾತ್ರೆಗೆ ಬಂದಾಗ ಹೇಳಿದಳು. ನಾನು ಅದನ್ನು ಖುಷಿಯಿಂದ ಡಾಕ್ಟ್ರಿಗೆ ಮುಟ್ಟಿಸಿದೆ. "ನೋಡಿ ಡಾಕ್ಟ್ರೇ, ನೀವು ಉಳಿಸಿದ ಕಾಲೇ ಈಗ ಅವರ ಮನೆ ನಡೆಸ್ತಿದೆ" ಅಂದೆ. ಅವರು ಬ್ಯಾಂಡೇಜು ಬಟ್ಟೆ ಮಡಿಸುತ್ತಲೇ, "ಅದು ಅವನ ಜಾಣತನ ಕಣಮ್ಮ. ಅದನ್ನ ತಂದು ನನಗೆ ಸಮಾಧಾನ ಹೇಳಬೇಡ" ಅಂದರು. ಆಮೇಲೆ ಅವನ ಮಾತು ನಮ್ಮಿಬ್ಬರ ನಡುವೆ ಬರಲಿಲ್ಲ. ಬರಲಿಲ್ಲ ಅಂದರೆ ಮರೆತರು ಅಂತಲ್ಲ. ಪಕ್ಕದ ರಸ್ತೆಯಲ್ಲಿ ಬೇರಿಂಗ್ ಹೋದ ಲಾರಿ ಕಿರುಗುಟ್ಟಿದರೆ ಅವರ ಕೈ ಒಂದು ಕ್ಷಣ ನಿಲ್ಲುತ್ತಿತ್ತು.

ಅವರು ತೀರಿಕೊಂಡ ದಿನ, ಆ ಫ್ಲೆಕ್ಸ್ ದಾಟಿ ಅವರ ಮನೆಗೆ ನಾನು ಹೋದಾಗ ಹುಬ್ಬಳ್ಳಿಯಿಂದ ಬರಬೇಕಾದ ಮಗಳಿಗಾಗಿ ಕಾಯುತ್ತಿದ್ದರು. ಡಾಕ್ಟ್ರನ್ನು ನಡುಮನೆಯಲ್ಲಿ ಮಲಗಿಸಿದ್ದರು. ಸಾವಿನ ಮನೆ, ಎಲ್ಲರದ್ದೂ ಪಿಸುಮಾತು. ಅಷ್ಟರಲ್ಲಿ ಬಾಗಿಲಲ್ಲಿ ಒಂದು ಗಟ್ಟಿ ದನಿ ಕೇಳಿತು. "ಇದೇ ಮನೆ ಅಲ್ವಾ?" ಎಲ್ಲರೂ ತಿರುಗಿ ನೋಡಿದರು. ಹೆಗಲ ಮೇಲೆ ಕಂಬಳಿ, ತಲೆ ಪೂರ್ತಿ ಬೆಳ್ಳಗೆ, ಆದರೂ ಗುರುತು ಸಿಕ್ಕಿತು. ಪುಟ್ಟಮಾದಯ್ಯ. ಬಸ್ ಸ್ಟ್ಯಾಂಡಿನಿಂದ ಜನ ಕೈ ತೋರಿಸಿದ ದಾರಿ ಹಿಡಿದು ನಡೆದೇ ಬಂದಿದ್ದ.

ಚಪ್ಪಲಿ ಬಿಟ್ಟು ಒಳಗೆ ಬಂದು, ಡಾಕ್ಟ್ರ ಕಾಲಿನ ಹತ್ತಿರ ನಿಂತ. ಬಿಳಿ ಬಟ್ಟೆಯಿಂದ ಹೊರಗಿದ್ದ ಆ ಪಾದಗಳನ್ನು ಬಹಳ ಹೊತ್ತು ನೋಡಿದ. ಮುಟ್ಟಲಿಲ್ಲ. ಆಮೇಲೆ ನನ್ನನ್ನು ಕಂಡು ಹತ್ತಿರ ಬಂದು ಬಗ್ಗಿ, ಗುಟ್ಟಾಗಿ ಕೇಳುತ್ತಿದ್ದೇನೆ ಎಂದುಕೊಂಡು ಇಡೀ ಮನೆಗೆ ಕೇಳುವಂತೆ ಕೇಳಿದ.

"ಅಕ್ಕ, ನಾನ್ ಅವತ್ತು ಅಂಗಂದ್ನಲ್ಲ, ಕಾಲ್ನೇ ಬುಡ್ತಿದ್ದೆ ಅಂತ. ಅವ್ರು ಬ್ಯಾಸ್ರ ಮಾಡ್ಕಂಡಿದ್ರಾ?"

ಹೇಳುವುದು ಎಷ್ಟೋ ಇತ್ತು. ಆ ಮಾತು ಅವರನ್ನು ಹೇಗೆ ತಿಂದಿತು, ಎಷ್ಟು ಜನರ ಬೆರಳು, ಕಾಲು, ಕಣ್ಣು ಅವರು ಕೇಳಿ ಕೇಳಿ ನೋಡಿದರು, ಕಡೆಯವರೆಗೂ ಯಾವ ಡಬ್ಬಿಯನ್ನೂ ಹಸು ಎಂದು ಕರೆಯಲಿಲ್ಲ. ಸಾವಿನ ಮನೆಯಲ್ಲಿ ಇದನ್ನೆಲ್ಲ ಕೂಗಿ ಹೇಳುವುದು ಹೇಗೆ? ಇಲ್ಲ ಎಂದು ತಲೆಯಾಡಿಸಿಬಿಟ್ಟರೆ ಅವನಿಗೆ ಎಷ್ಟು ಹಗುರವಾಗುತ್ತಿತ್ತು. ತಲೆ ಆ ಕಡೆ ತಿರುಗಿಯೂ ಇತ್ತು. ಆದರೆ ಡಾಕ್ಟ್ರು ಅಲ್ಲೇ ಮಲಗಿದ್ದರು.

ಹೌದು ಎಂದು ತಲೆಯಾಡಿಸಿದೆ.

ಪುಟ್ಟಮಾದಯ್ಯ ನನ್ನ ಮುಖವನ್ನೇ ನೋಡುತ್ತ ನಿಂತ. ಆಮೇಲೆ ಕಂಬಳಿಯ ತುದಿಯಿಂದ ಮೂಗು ಒರೆಸಿಕೊಂಡ.

"ನಂಗೂವೆ" ಅಂದ. ಅದು ಮನೆಯಲ್ಲಿದ್ದವರಿಗೆಲ್ಲ ಕೇಳಿಸಿತು.